ರಕ್ತ ಕೊಡಬೇಕು ಅಂತ ಆಸೆ, ಸೂಜಿ ಅಂದರೆ ಭಯ. ತುಮಕೂರು ಕಡೆಯವರು ನಿಮ್ಮ ಅನುಭವ ಹೇಳ್ತೀರಾ?

ಗುಬ್ಬಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಹೋದ ವರ್ಷ ನಮ್ಮ ಅಕ್ಕನಿಗೆ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಮಗು ಚೆನ್ನಾಗಿತ್ತು. ಆದರೆ ಅಕ್ಕನಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ರಾತ್ರಿ ಹತ್ತೂವರೆ ಹೊತ್ತಿಗೆ ಸಿಸ್ಟರ್ ಹೊರಗೆ ಬಂದು, "ಎರಡು ಯೂನಿಟ್ ಬೇಕು, ಮನೆ ಕಡೆಯವರು ಯಾರಾದರೂ ರಕ್ತ ಕೊಡ್ತೀರಾ?" ಅಂದರು. ಅಕ್ಕಂದು ಓ ಪಾಸಿಟಿವ್. ನಂದೂ ಅದೇ. ಎಲ್ಲರೂ ನನ್ನ ಮುಖ ನೋಡಿದರು.

ಬ್ಲಡ್ ಬ್ಯಾಂಕ್ ಬಾಗಿಲವರೆಗೂ ಹೋದೆ. ಒಳಗೆ ಯಾರೋ ಮಲಗಿದ್ದರು. ಅವರ ಕೈಯಿಂದ ಕೆಂಪು ಪೈಪು ಕೆಳಗೆ ಇಳಿದಿತ್ತು. ಅಷ್ಟೇ, ಕಾಲು ನಡುಗಿತು, ಕಿವಿಯಲ್ಲಿ ಗುಂಯ್ ಅಂತು, ಕಣ್ಣು ಕತ್ತಲೆ ಬಂತು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಕೊನೆಗೆ ಭಾವನ ಸ್ನೇಹಿತರಿಬ್ಬರು ಕುಣಿಗಲ್‌ನಿಂದ ಬೈಕಲ್ಲಿ ಬಂದು ಕೊಟ್ಟರು. ಅಕ್ಕ ಉಳಿದಳು. ಇವತ್ತಿನವರೆಗೂ ಅವಳು ಈ ಬಗ್ಗೆ ಒಂದು ಮಾತೂ ಆಡಿಲ್ಲ. ಅದೇ ನನಗೆ ಜಾಸ್ತಿ ನೋವು.

ಏಳನೇ ಕ್ಲಾಸಲ್ಲಿ ಶಾಲೆಗೆ ರಕ್ತ ಪರೀಕ್ಷೆ ಮಾಡುವವರು ಬಂದಿದ್ದಾಗ ಬೆರಳು ಚುಚ್ಚಿಸಿಕೊಂಡು ಬಿದ್ದು, ಹಣೆ ಬೆಂಚಿಗೆ ಬಡಿದಿತ್ತು. ಅವತ್ತಿನಿಂದ ಹೀಗೆ. ನನಗೀಗ 31 ವರ್ಷ. ಒಂದು ಸಲವಾದರೂ ಕೊಡಬೇಕು. ನಿಮಗೆ ಏನಾಯಿತು, ಹೇಗೆ ಇರುತ್ತದೆ, ಇದ್ದದ್ದು ಇದ್ದ ಹಾಗೆ ಹೇಳಿ.

ತಿಪಟೂರು ತೋಟದವ:
ತಂಗಿ, ನಾನು ಇಲ್ಲಿವರೆಗೆ 41 ಸಲ ಕೊಟ್ಟಿದ್ದೇನೆ. ಮೊದಲ ಸಲ ಕಾಲೇಜಿನ ಶಿಬಿರದಲ್ಲಿ. ನನಗೂ ಬಾಯಿ ಒಣಗಿತ್ತು.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದೆ ಹೋದರೆ ಭಯ ದೊಡ್ಡದಾಗುತ್ತದೆ. ಅದಕ್ಕೆ ಹೇಳುತ್ತೇನೆ. ಮೊದಲು ಒಂದು ಫಾರಂ ತುಂಬಿಸುತ್ತಾರೆ. ಯಾವ ಕಾಯಿಲೆ ಇತ್ತು, ಯಾವ ಮಾತ್ರೆ ತಗೋತೀರಿ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ಎಲ್ಲ ಕೇಳುತ್ತಾರೆ. ಮುಚ್ಚಿಡದೆ ಹೇಳಬೇಕು. ಆಮೇಲೆ ತೂಕ, ಬಿಪಿ. ತೂಕ 45 ಕೆಜಿ ಇರಲೇಬೇಕು. ಬೆರಳ ತುದಿ ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಾರೆ, 12.5 ಇರಬೇಕು. ನಮ್ಮ ಕಾಲದಲ್ಲಿ ನೀಲಿ ನೀರಿನ ಲೋಟಕ್ಕೆ ಒಂದು ಹನಿ ರಕ್ತ ಬಿಡುತ್ತಿದ್ದರು. ಹನಿ ಮುಳುಗಿದರೆ ಸರಿ, ತೇಲಿದರೆ ವಾಪಸ್ ಮನೆಗೆ. ಈಗ ಬಹಳ ಕಡೆ ಚಿಕ್ಕ ಮೆಷಿನ್ ಬಂದಿದೆ.

ಆಮೇಲೆ ಮಲಗಿಸಿ, ತೋಳಿಗೆ ಪಟ್ಟಿ ಕಟ್ಟಿ, ಕೈಗೆ ಒಂದು ಮೆತ್ತನೆ ಚೆಂಡು ಕೊಡುತ್ತಾರೆ. ಸೂಜಿ ದಪ್ಪ ಇರುತ್ತದೆ, ಸುಳ್ಳು ಹೇಳಲ್ಲ. ಚುಚ್ಚುವಾಗ ಜಾಲಿ ಮುಳ್ಳು ನೆಟ್ಟ ಹಾಗೆ ಆಗುತ್ತದೆ. ಒಂದೆರಡು ಕ್ಷಣ. ಆಮೇಲೆ ನೋವಿಲ್ಲ. ಪೈಪನ್ನು ಕೈಗೆ ಅಂಟಿಸಿರುತ್ತಾರಲ್ಲ, ಅದು ಚರ್ಮಕ್ಕೆ ತಾಗಿದಾಗ ಬೆಚ್ಚಗಿರುತ್ತದೆ. ನಮ್ಮ ಮೈಯ ಬಿಸಿಯೇ ಅದು. ನನಗೆ ಪ್ರತಿ ಸಲವೂ ಆ ಬೆಚ್ಚಗಿನದು ಗೊತ್ತಾಗುತ್ತದೆ. ಕೆಳಗೆ ಚೀಲ ಒಂದು ತಟ್ಟೆ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಾ ಇರುತ್ತದೆ. ಹೆಪ್ಪುಗಟ್ಟದಂತೆ ಚೀಲದೊಳಗೆ ಇರುವ ಔಷಧಿ ರಕ್ತದ ಜೊತೆ ಬೆರೆಯಲಿ ಅಂತ. ಹತ್ತು ನಿಮಿಷದೊಳಗೆ ಮುಗಿಯುತ್ತದೆ. ನಿಮಗೆ 350 ಮಿಲಿ ತೆಗೆಯಬಹುದು. 55 ಕೆಜಿ ದಾಟಿದವರಿಗೆ 450 ಕೂಡ ತೆಗೆಯುತ್ತಾರೆ.

ಅದಾದ ಮೇಲೆ ತಕ್ಷಣ ಏಳಬೇಡಿ. ನಾನು ಒಂದು ಸಲ ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೊರಟು, ಗೇಟ್ ಹತ್ತಿರ ಗೋಡೆ ಹಿಡಿದುಕೊಂಡು ನಿಂತಿದ್ದೆ. ಕಾಲು ಗಂಟೆ ಮಲಗಲೇಬೇಕು.

ಸ್ಯಾಂಪಲ್ ರೂಮಿನವನು:
ನಾನು ಲ್ಯಾಬಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ, 18 ವರ್ಷ ಆಯಿತು. ಗುಬ್ಬಿ ಮೇಡಂ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನೀವು ಅವತ್ತು ಕೊಟ್ಟಿದ್ದರೂ ಬಹುಶಃ ನಿಮ್ಮ ರಕ್ತ ಆ ರಾತ್ರಿ ನಿಮ್ಮ ಅಕ್ಕನಿಗೆ ಹೋಗುತ್ತಿರಲಿಲ್ಲ. ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಇಷ್ಟಕ್ಕೂ ಪರೀಕ್ಷೆ ಮಾಡಿದ ಮೇಲೆಯೇ ಬೇರೆಯವರಿಗೆ ಹಾಕುವುದು. ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಹಾಕುವುದು ಫ್ರಿಡ್ಜಿನಲ್ಲಿ ಮೊದಲೇ ಪರೀಕ್ಷೆ ಆಗಿ ಕೂತಿದ್ದ ಚೀಲ. ಯಾರೋ ಗೊತ್ತಿಲ್ಲದವರು ಯಾವತ್ತೋ ಕೊಟ್ಟಿದ್ದು. ಭಾವನ ಸ್ನೇಹಿತರು ಕೊಟ್ಟದ್ದು ಆ ಖಾಲಿ ಜಾಗ ತುಂಬಲು. ಜೊತೆಗೆ ಒಡಹುಟ್ಟಿದವರ ರಕ್ತ ನೇರ ಹಾಕುವುದು ಒಳ್ಳೆಯದಲ್ಲ, ಅಪರೂಪಕ್ಕೆ ದೊಡ್ಡ ತೊಂದರೆ ಆಗುತ್ತದೆ. ಹಾಗಾಗಿ ಆ ಭಾರ ಇಳಿಸಿಬಿಡಿ.

ಇನ್ನು ತಲೆ ಸುತ್ತುವುದು. ಇದಕ್ಕೂ ಧೈರ್ಯಕ್ಕೂ ಸಂಬಂಧ ಇಲ್ಲ. ಹೆದರಿಕೆ ಆದಾಗ ಕೆಲವರಿಗೆ ಎದೆಬಡಿತ ನಿಧಾನ ಆಗಿ ಬಿಪಿ ಇಳಿಯುತ್ತದೆ. ತಲೆಗೆ ಹೋಗುವ ರಕ್ತ ಕಡಿಮೆ ಆಗಿ ಬೀಳುತ್ತಾರೆ. ಗರಡಿ ಮೈಯ ಹುಡುಗರು ನನ್ನ ಕುರ್ಚಿಯಲ್ಲಿ ಜಾರಿದ್ದಾರೆ. ಹೋಗುವ ಮೊದಲು ಚೆನ್ನಾಗಿ ತಿನ್ನಿ. ಅರ್ಧ ಗಂಟೆ ಮುಂಚೆ ಅರ್ಧ ಲೀಟರ್ ನೀರು ಕುಡಿಯಿರಿ. ಮಲಗಿದ ಮೇಲೆ ತೊಡೆ, ಕುಂಡೆ, ಹೊಟ್ಟೆ ಬಿಗಿ ಹಿಡಿದು ಹತ್ತು ಹದಿನೈದು ಎಣಿಸಿ, ಸಡಿಲ ಬಿಡಿ. ಮತ್ತೆ ಬಿಗಿ ಹಿಡಿಯಿರಿ. ಬಿಪಿ ಇಳಿಯುವುದನ್ನು ಅದು ತಡೆಯುತ್ತದೆ. ಮುಖ್ಯವಾಗಿ, "ನನಗೆ ಹಿಂದೆ ತಲೆ ಸುತ್ತಿ ಬಿದ್ದದ್ದಿದೆ" ಅಂತ ಬಾಗಿಲಲ್ಲೇ ಹೇಳಿ. ಹೇಳಿದವರನ್ನು ನಾವು ಜಾಸ್ತಿ ಜೋಪಾನವಾಗಿ ನೋಡಿಕೊಳ್ಳುತ್ತೇವೆ.

ಟೆಸ್ಟಿಗೆ ರಕ್ತ ಕೊಡುವವರಿಗೂ ಒಂದೆರಡು ಮಾತು. ನಾವು "ನರ ಸಿಗ್ತಿಲ್ಲ" ಅಂತೀವಲ್ಲ, ಕಣ್ಣಿಗೆ ಕಾಣುವ ನರಕ್ಕಿಂತ ಬೆರಳಿಗೆ ಸಿಗುವ ನರ ಒಳ್ಳೆಯದು. ಬರೀ ಹಸಿರಾಗಿ ಕಾಣುವುದು ಎಷ್ಟೋ ಸಲ ಜಾರಿಕೊಳ್ಳುತ್ತದೆ. ಅದಕ್ಕೇ ನಾವು ಬೆರಳಲ್ಲಿ ಒತ್ತಿ ಒತ್ತಿ ನೋಡುವುದು. ಚಳಿಗಾಲದ ಬೆಳಿಗ್ಗೆ ಕೈ ತಣ್ಣಗಿದ್ದರೆ ಬಿಸಿನೀರಲ್ಲಿ ತೊಳೆದು ಬನ್ನಿ. ಖಾಲಿ ಹೊಟ್ಟೆಯ ಟೆಸ್ಟ್ ಇದ್ದರೂ ಬರೀ ನೀರು ಕುಡಿಯಬಹುದು. ನೀರು ಕುಡಿಯದೆ ಬಂದವರಿಗೇ ನರ ಸಿಗುವುದಿಲ್ಲ. ಸ್ಪಿರಿಟ್ ಆರುವ ಮೊದಲು ಚುಚ್ಚಿದರೆ ಉರಿಯುತ್ತದೆ, ಆರಲಿ ಅಂತ ನೀವೇ ಹೇಳಬಹುದು. ತೆಗೆದ ಮೇಲೆ ಮೊಣಕೈ ಮಡಚಬೇಡಿ. ಕೈ ನೀಟಾಗಿ ಚಾಚಿ, ಹತ್ತಿ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ಉಜ್ಜಬೇಡಿ.

"ಇಷ್ಟೊಂದು ಯಾಕೆ ತೆಗೀತೀರಾ" ಅಂತ ದಿನಾ ಕೇಳುತ್ತಾರೆ. ನೇರಳೆ ಮುಚ್ಚಳದ ಟ್ಯೂಬ್ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಸಲು. ಬೂದು ಬಣ್ಣದ್ದು ಶುಗರ್‌ಗೆ. ಒಂದೊಂದರಲ್ಲೂ ಬೇರೆ ಬೇರೆ ಔಷಧಿ ಇರುತ್ತದೆ, ಅದಕ್ಕೆ ಒಂದರಲ್ಲೇ ಹಾಕಲು ಆಗಲ್ಲ. ಎರಡೆರಡು ಮೂರು ಮೂರು ಮಿಲಿಯ ನಾಲ್ಕು ಟ್ಯೂಬ್ ಸೇರಿದರೂ ಒಂದು ದೊಡ್ಡ ಚಮಚದಷ್ಟು ಆಗಲ್ಲ.

ಆದರೆ ಅವರ ಸಂಕಟ ನನಗೆ ಅರ್ಥ ಆಗುತ್ತದೆ. ಒಂದು ಸಲ ಕೊರಟಗೆರೆ ಕಡೆಯ ಅಜ್ಜಿ ಒಬ್ಬರು ಬಂದಿದ್ದರು. ಹಸಿರು ಗಾಜಿನ ಬಳೆ, ತೆಳ್ಳನೆ ಕೈ. ಮೊದಲ ಸಲ ನರ ಸಿಗಲಿಲ್ಲ, ಎರಡು ಹನಿ ಹತ್ತಿಗೆ ಹೋಯಿತು. ಅಜ್ಜಿ ಆ ಹತ್ತಿಯನ್ನೇ ನೋಡುತ್ತಾ, "ರಾಗಿ ಬೀಸಿ ತಿಂದು ಮಾಡಿದ ರಕ್ತ ಕಣಪ್ಪ, ಸುಮ್ನೆ ಚೆಲ್ಲಬೇಡ" ಅಂದರು. ಬೈಯಲಿಲ್ಲ, ಮೆಲ್ಲಗೆ ಹೇಳಿದರು. ಅವತ್ತಿನಿಂದ ಎರಡನೇ ಸಲ ಚುಚ್ಚುವ ಮೊದಲು ನಾನು ಕೇಳಿಯೇ ಚುಚ್ಚುವುದು.

ಕ್ಯಾತ್ಸಂದ್ರ ಮನೆ:
ನಿಮ್ಮಂಥವರು ಎಲ್ಲ ಕಡೆ ಇರಲ್ಲ ಸರ್. ನಮ್ಮ ತಂದೆಗೆ ಶುಗರ್. ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರೆ ಅಂತ ಒಂದು ಲ್ಯಾಬಿಗೆ ಹೇಳಿದ್ದೆವು. ಬಂದ ಹುಡುಗ ನಾಲ್ಕು ಸಲ ಚುಚ್ಚಿದ. ಎರಡು ಸಲ ಒಳಗೇ ಸೂಜಿ ತಿರುಗಿಸಿದ. ಅಪ್ಪ ಹಲ್ಲು ಕಚ್ಚಿ ಕೂತಿದ್ದರು. ಮೊಣಕೈಯಿಂದ ಮುಂಗೈವರೆಗೂ ನೇರಳೆ ಹಣ್ಣಿನ ಬಣ್ಣ ಆಯಿತು, ಹತ್ತು ದಿನ ಇತ್ತು. ಆಮೇಲಿಂದ ಅಪ್ಪ ಟೆಸ್ಟ್ ಅಂದರೆ ಸಾಕು, "ನಾಳೆ ನೋಡೋಣ" ಅಂತಾರೆ. ಆರು ತಿಂಗಳು ಶುಗರ್ ನೋಡಿಸಿಕೊಳ್ಳಲೇ ಇಲ್ಲ. ಒಂದು ಕೆಟ್ಟ ಬೆಳಿಗ್ಗೆಯಿಂದ ಎಷ್ಟು ನಷ್ಟ ನೋಡಿ.

ಸ್ಯಾಂಪಲ್ ರೂಮಿನವನು:
ಓದಿ ತುಂಬಾ ಬೇಜಾರಾಯಿತು. ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ಚುಚ್ಚಬಾರದು. ಸಿಗದಿದ್ದರೆ ಇನ್ನೊಬ್ಬರನ್ನು ಕರೆಯಬೇಕು. "ಸಾಕು, ಬೇರೆಯವರನ್ನು ಕರೀರಿ" ಅನ್ನುವ ಹಕ್ಕು ನಿಮಗಿದೆ, ಯಾರೂ ಕೋಪ ಮಾಡಿಕೊಳ್ಳಬಾರದು. ಚುಚ್ಚಿದಾಗ ಬೆರಳ ತುದಿವರೆಗೂ ಕರೆಂಟ್ ಹೊಡೆದ ಹಾಗೆ ಆದರೆ ತಕ್ಷಣ "ತೆಗೀರಿ" ಅನ್ನಿ. ಅಪ್ಪನಿಗೆ ಚಿಟ್ಟೆ ಸೂಜಿ ಹಾಕಿ ಅಂತ ಕೇಳಿ. ರೆಕ್ಕೆ ಇರುವ ಸಣ್ಣ ಸೂಜಿ, ವಯಸ್ಸಾದವರಿಗೆ ಅನುಕೂಲ.

ಕ್ಯಾತ್ಸಂದ್ರ ಮನೆ:
ಕೇಳುತ್ತೇನೆ ಸರ್. ಟೆಸ್ಟ್ ಮುಗಿಸಿದರೆ ತಟ್ಟೆ ಇಡ್ಲಿ ಕೊಡಿಸ್ತೀನಿ ಅಂತ ಹೇಳಿ ಕರೆದುಕೊಂಡು ಹೋಗಬೇಕು. ಶುಗರ್ ಇದ್ದರೂ ಒಂದು ಪರವಾಗಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ.

ಬಟವಾಡಿ ಬಾಡಿಗೆ ಮನೆ:
ಎಲ್ಲ ಸರಿ. ಆದರೆ ನಾವು ಪುಕ್ಕಟೆ ಕೊಟ್ಟ ರಕ್ತಕ್ಕೆ ಅವರು ದುಡ್ಡು ತಗೋತಾರಲ್ಲ? ನಮ್ಮ ಮಾವನ ಆಪರೇಷನ್‌ಗೆ ಪ್ರತಿ ಚೀಲಕ್ಕೂ ಬಿಲ್ ಹಾಕಿದರು. ಅದಾದ ಮೇಲೆ ನನಗೆ ಕೊಡಲು ಮನಸ್ಸೇ ಬಂದಿಲ್ಲ.

ತಿಪಟೂರು ತೋಟದವ:
ನಿಮ್ಮ ಸಿಟ್ಟು ನನಗೂ ಒಂದು ಕಾಲದಲ್ಲಿ ಇತ್ತು. ಆಮೇಲೆ ವಿಚಾರಿಸಿದೆ. ರಕ್ತ ಮಾರುವ ಹಾಗೇ ಇಲ್ಲ. ದುಡ್ಡಿಗೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟ್ 1996ರಲ್ಲಿ ತಡೆಯಿತು, 1998ರ ಜನವರಿಯಿಂದ ಅದು ಪೂರ್ತಿ ನಿಂತಿತು. ಈಗ ತೆಗೆದುಕೊಳ್ಳುವುದು ಚೀಲ, ಪರೀಕ್ಷೆ, ಫ್ರಿಡ್ಜ್, ಸಿಬ್ಬಂದಿ ಖರ್ಚು. ಅದಕ್ಕೂ ಮಿತಿ ಇದೆ. 2022ರ ದರದ ಪ್ರಕಾರ ಒಂದು ಚೀಲ ಕೆಂಪು ರಕ್ತಕಣಕ್ಕೆ ಸರ್ಕಾರಿ ಕಡೆ 1,100 ರೂಪಾಯಿ, ಖಾಸಗಿ ಕಡೆ 1,550 ರೂಪಾಯಿ. ಅದಕ್ಕಿಂತ ಜಾಸ್ತಿ ಹಾಕಿದ್ದರೆ ಬಿಲ್ ಹಿಡಿದು ಕೇಳಬೇಕು, ದೂರು ಕೊಡಬೇಕು. ಕೊಡುವುದನ್ನು ನಿಲ್ಲಿಸಿದರೆ ಬಿಲ್ ಹಾಕಿದವರಿಗೆ ಏನೂ ಆಗಲ್ಲ. ಮಲಗಿರುವವರಿಗೆ ಆಗುತ್ತದೆ.

ಬಟವಾಡಿ ಬಾಡಿಗೆ ಮನೆ:
ಬಿಲ್ ಇನ್ನೂ ಇದೆ. ತೆಗೆದು ನೋಡುತ್ತೇನೆ.

ಮಧುಗಿರಿ ತಾಯಿ:
ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ನನ್ನ ಮಗನಿಗೆ ಒಂಬತ್ತು ವರ್ಷ. ಥಲಸ್ಸೀಮಿಯಾ. ಅವನ ಮೈ ತನಗೆ ಬೇಕಾದಷ್ಟು ಒಳ್ಳೆಯ ರಕ್ತ ಮಾಡಿಕೊಳ್ಳಲ್ಲ. ಎಂಟು ತಿಂಗಳ ಮಗುವಾಗಿದ್ದಾಗಿನಿಂದ ರಕ್ತ ಹಾಕಿಸುತ್ತಿದ್ದೇವೆ, ಈಗ ಮೂರು ವಾರಕ್ಕೊಮ್ಮೆ. ನನಗೂ ನಮ್ಮೆಜಮಾನರಿಗೂ ಅದರ ಅಂಶ ಇತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಸಂಬಂಧದಲ್ಲೇ ಮದುವೆ ಆಗಿದ್ದು. ಹಾಗೆ ಇಬ್ಬರಿಗೂ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಿತ್ತು. ಜಾತಕ ಮೂರು ಕಡೆ ತೋರಿಸಿದ್ದರು ನಮ್ಮವರು, ಇದನ್ನು ಯಾರೂ ಹೇಳಲಿಲ್ಲ.

ಎರಡು ವಾರ ಕಳೆಯುತ್ತಿದ್ದ ಹಾಗೆ ನನಗೆ ಗೊತ್ತಾಗುತ್ತದೆ. ತುಟಿ ಬಿಳಿಚಿಕೊಳ್ಳುತ್ತದೆ. ಸೈಕಲ್ ಗೋಡೆಗೆ ಒರಗಿಸಿ ಜಗಲಿ ಮೇಲೆ ಕೂತುಬಿಡುತ್ತಾನೆ. ಊಟ ಬೇಡ ಅಂತಾನೆ, ಸಣ್ಣದಕ್ಕೂ ಅಳುತ್ತಾನೆ. ರಕ್ತ ಹಾಕಿಸಿದ ಮಾರನೆಯ ದಿನ ಅದೇ ಸೈಕಲ್ ಬೀದಿ ಕೊನೆವರೆಗೂ ಹೋಗುತ್ತದೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ.

ಸೂಜಿಗೆ ಅವನು ಅಳಲ್ಲ. ಯಾವ ಕೈ ಅಂತ ಅವನೇ ಹೇಳುತ್ತಾನೆ. "ಹೋದ ಸಲ ಎಡಗೈ ಅಲ್ವಾ ಸಿಸ್ಟರ್, ಇವತ್ತು ಬಲಗೈ" ಅಂತಾನೆ. ಚೀಲ ಮೇಲೆ ನೇತು ಹಾಕಿದ ಮೇಲೆ ಹನಿ ಬೀಳುವುದನ್ನು ಎಣಿಸುತ್ತಾ ಒಂದು ದಿನ ಕೇಳಿದ, "ಅಮ್ಮ, ಇದು ಯಾರದು?" ನನಗೆ ಗೊತ್ತಿಲ್ಲ ಅಂದೆ. "ಅವರಿಗೆ ಥ್ಯಾಂಕ್ಸ್ ಯಾರು ಹೇಳ್ತಾರೆ?" ಅಂದ. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಬ್ಬಿ ಹುಡುಗಿ, ತೋಟದ ಅಣ್ಣ, ಅವನ ಪರವಾಗಿ ಇಲ್ಲಿ ಹೇಳುತ್ತಿದ್ದೇನೆ.

ಇಂಥ ಮಕ್ಕಳಿಗೆ ರಕ್ತಕ್ಕೆ ದುಡ್ಡು ತಗೊಳ್ಳಲ್ಲ. ಆದರೆ ರಕ್ತವೇ ಇರಬೇಕಲ್ಲ. ನಮಗೆ ಏಪ್ರಿಲ್, ಮೇ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಕಾಲೇಜಿಗೆ ರಜೆ, ಶಿಬಿರ ಇರಲ್ಲ. ರಕ್ತದಾನಿಗಳ ದಿನ ಅಂತ ಜೂನ್ 14, ರಕ್ತದಾನ ದಿನ ಅಂತ ಅಕ್ಟೋಬರ್ 1 ಬಂದರೆ ಊರೆಲ್ಲ ಶಿಬಿರ. ರಾಗಿ ಆದರೆ ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯಬಹುದು. ರಕ್ತ ಫ್ರಿಡ್ಜಲ್ಲಿಟ್ಟರೂ ಹೆಚ್ಚೆಂದರೆ 42 ದಿನ. ದಯವಿಟ್ಟು ಬೇಸಿಗೆಯಲ್ಲೂ ಕೊಡಿ. ಹುಟ್ಟುಹಬ್ಬದ ದಿನ ರಕ್ತ ಕೊಡುವವರು, ಹಬ್ಬ ಜನವರಿಯಲ್ಲಿದ್ದರೂ ಪರವಾಗಿಲ್ಲ, ಏಪ್ರಿಲ್‌ನಲ್ಲಿ ಒಂದು ಸಲ ಹೋಗಿ ಬನ್ನಿ.

ಶಿರಾ ರೋಡ್:
ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಂದು ಬಿ ನೆಗೆಟಿವ್. ಹೈವೇ ಪಕ್ಕದ ಊರು. ಅಪಘಾತ ಆದರೆ ರಾತ್ರಿ ಒಂದು ಗಂಟೆಗೂ ಫೋನ್ ಬರುತ್ತದೆ. ಅದಕ್ಕೆ ನಾನು ಶಿಬಿರದಲ್ಲಿ ಕೊಡಲ್ಲ. ಕೊಟ್ಟು ಹದಿನೈದು ದಿನಕ್ಕೆ ಯಾರಾದರೂ ಕರೆದರೆ ಇಲ್ಲ ಅನ್ನಬೇಕಾಗುತ್ತಲ್ಲ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಹಾಗಾಗಿ ಕರೆಯುವವರೆಗೂ ಕಾಯುತ್ತೇನೆ. ಇದು ಸರಿನಾ ತಪ್ಪಾ ಅಂತ ಹೇಳಿ.

ಸ್ಯಾಂಪಲ್ ರೂಮಿನವನು:
ಅಪರೂಪದ ಗುಂಪಿನವರು ಹಾಗೆ ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಬ್ಲಡ್ ಬ್ಯಾಂಕಿನಲ್ಲಿ ಹೆಸರು, ನಂಬರ್ ಬರೆಸಿಡಿ. ಸ್ಟಾಕ್ ಕಡಿಮೆ ಆದಾಗ ಅವರೇ ಕರೆಯುತ್ತಾರೆ. ರಾತ್ರಿ ಒಂದು ಗಂಟೆಗೆ ಗಾಯಾಳುವಿಗೆ ಬೇಕಾಗುವುದು ಪರೀಕ್ಷೆ ಆಗಿ ರೆಡಿ ಇರುವ ಚೀಲ. ನಿಮ್ಮ ಬಿ ನೆಗೆಟಿವ್ ಒಂದು ಚೀಲ ಮೊದಲೇ ಅಲ್ಲಿದ್ದರೆ ಫೋನ್ ಬರುವ ಮುಂಚೆಯೇ ಜೀವ ಉಳಿಯುತ್ತದೆ.

ಶಿರಾ ರೋಡ್:
ಹಾಗೆ ಯೋಚಿಸಿರಲಿಲ್ಲ ಸರ್. ಸೋಮವಾರವೇ ಹೋಗಿ ಬರೆಸುತ್ತೇನೆ.

ಪ್ಲೇಟ್‌ಲೆಟ್ ಕೊಟ್ಟದ್ದನ್ನೂ ಹೇಳಿಬಿಡುತ್ತೇನೆ. ಸ್ನೇಹಿತನ ಮಗಳಿಗೆ ಡೆಂಗ್ಯೂ ಆಗಿ ಬೆಂಗಳೂರಿಗೆ ಹೋಗಿದ್ದೆ. ಅದು ಬೇರೆ ಥರ. ಒಂದು ಮೆಷಿನ್ ನಮ್ಮ ರಕ್ತ ತಗೊಂಡು, ಪ್ಲೇಟ್‌ಲೆಟ್ ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ವಾಪಸ್ ನಮ್ಮ ಕೈಗೇ ಬಿಡುತ್ತದೆ. ಒಂದು ಗಂಟೆಗೂ ಜಾಸ್ತಿ ಮಲಗಿದ್ದೆ. ನಡುವೆ ತುಟಿ ಜುಂ ಅನ್ನಲು ಶುರುವಾಯಿತು. ಹೆದರಿ ಸಿಸ್ಟರ್‌ಗೆ ಹೇಳಿದೆ. ಹೆಪ್ಪುಗಟ್ಟದ ಹಾಗೆ ಹಾಕುವ ಔಷಧಿ ಮೈಯ ಕ್ಯಾಲ್ಸಿಯಂ ಸ್ವಲ್ಪ ತಗ್ಗಿಸುತ್ತದಂತೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟರು, ಮೆಷಿನ್ ನಿಧಾನ ಮಾಡಿದರು, ಹೋಯಿತು. ತೆಗೆದದ್ದು ತಿಳಿ ಹಳದಿ, ಹೆಸರುಬೇಳೆ ಕಟ್ಟಿನ ಬಣ್ಣ. ಅದು ಐದೇ ದಿನ ಇರುವುದಂತೆ. ಮಗು ಈಗ ಶಾಲೆಗೆ ಹೋಗುತ್ತಿದೆ.

ಹಾಸ್ಟೆಲ್ ರೂಮ್ 12:
ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಕೈ ಮೇಲೆ ಟ್ಯಾಟೂ ಹಾಕಿಸಿ ಆರು ತಿಂಗಳು ಆಯಿತು. ಕೊಡಬಹುದಾ?

ಸ್ಯಾಂಪಲ್ ರೂಮಿನವನು:
ಇಲ್ಲಪ್ಪ. 12 ತಿಂಗಳು ಆಗಬೇಕು. ಕಿವಿ ಚುಚ್ಚಿಸಿದವರಿಗೂ ಅಷ್ಟೇ.

ಗುಬ್ಬಿ ಹುಡುಗಿ:
ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಶನಿವಾರ ಹೋದೆ. ತಿಂಡಿ ತಿಂದು, ನೀರು ಕುಡಿದು, ಅಕ್ಕನನ್ನೇ ಕರೆದುಕೊಂಡು ಹೋದೆ. ಬಾಗಿಲಲ್ಲೇ ನನ್ನ ವಿಷಯ ಹೇಳಿದೆ. ಬೆರಳು ಚುಚ್ಚಿದರು. ನಾನು ಬೀಳಲಿಲ್ಲ. ಕಾಲು ಬಿಗಿ ಹಿಡಿದಿದ್ದೆ.

ಆದರೆ ಹಿಮೋಗ್ಲೋಬಿನ್ 11.2 ಬಂತು. ತೆಗೆಯಲ್ಲ ಅಂದರು. ಇಷ್ಟು ವರ್ಷದ ಭಯ ದಾಟಿ ಹೋದರೆ ಹೀಗಾಯಿತು. ಆಟೋದಲ್ಲಿ ಅತ್ತುಬಿಟ್ಟೆ.

ಸ್ಯಾಂಪಲ್ ರೂಮಿನವನು:
ಅಳಬೇಡಿ. ಬೆರಳು ಚುಚ್ಚಿದಾಗ ಬೀಳಲಿಲ್ಲ ಅಂದಿರಲ್ಲ, ಏಳನೇ ಕ್ಲಾಸಿನದ್ದು ಅಲ್ಲಿಗೆ ಮುಗಿಯಿತು.

11.2 ಅಂದರೆ ನಿಮಗೇ ರಕ್ತ ಕಡಿಮೆ ಇದೆ. ನೀವೊಬ್ಬರೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಡಾಕ್ಟರ್ ಹತ್ತಿರ ಹೋಗಿ, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದಾ, ಬೇರೆ ಕಾರಣ ಇದೆಯಾ ನೋಡಿಸಿ. ಅವರು ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ನುಂಗಬೇಡಿ, ಒಂದು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ಒಳ್ಳೆಯದು. ಬೀಟ್‌ರೂಟ್ ಕೆಂಪಗಿದೆ ಅಂತ ಅದನ್ನೇ ನಂಬಬೇಡಿ. ಹುರುಳಿ ಕಾಳು, ಸೊಪ್ಪು ತಿನ್ನಿ. ಆದರೂ ಇಷ್ಟು ಕಡಿಮೆ ಇದ್ದಾಗ ಬರೀ ಊಟದಿಂದ ಬೇಗ ಏರಲ್ಲ, ಮಾತ್ರೆ ಬೇಕಾಗಬಹುದು.

ಮಧುಗಿರಿ ತಾಯಿ:
ಮೊದಲು ನಿಮ್ಮ ಆರೋಗ್ಯ ನೋಡಿಕೊಳ್ಳಮ್ಮ. ನಾವು ಎಲ್ಲೂ ಹೋಗಲ್ಲ.

ಗುಬ್ಬಿ ಹುಡುಗಿ (ನಾಲ್ಕು ತಿಂಗಳ ನಂತರ):
ಇವತ್ತು ಕೊಟ್ಟೆ.

ಹಿಮೋಗ್ಲೋಬಿನ್ 12.9. ಮೂರು ತಿಂಗಳು ಮಾತ್ರೆ ನುಂಗಿದ್ದಕ್ಕೆ, ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರೂ ಹೋಗಿದೆ. ಅದು ರಕ್ತ ಕಡಿಮೆ ಇದ್ದದ್ದಕ್ಕೆ ಅಂತ ನನಗೆ ಗೊತ್ತೇ ಇರಲಿಲ್ಲ.

ಸೂಜಿ ಹಾಕುವಾಗ ಗೋಡೆ ಕಡೆ ತಿರುಗಿದ್ದೆ. ಮುಳ್ಳು ನೆಟ್ಟ ಹಾಗೇ ಆಯಿತು, ತೋಟದ ಅಣ್ಣ ಹೇಳಿದ ಹಾಗೆ. ತೊಡೆ ಬಿಗಿ ಹಿಡಿದು ಹದಿನೈದು ಎಣಿಸುವುದು, ಬಿಡುವುದು. ಅರ್ಧದಲ್ಲಿ ಬೆವರು ಬಂತು. ಹೇಳಿದೆ, ಕಾಲ ಕೆಳಗೆ ದಿಂಬು ಇಟ್ಟರು, ಕಡಿಮೆ ಆಯಿತು. ಆಮೇಲೆ ಧೈರ್ಯ ಮಾಡಿ ತಿರುಗಿ ನೋಡಿದೆ. ಪೈಪು ಕೈಗೆ ತಾಗಿತ್ತು. ನಿಜವಾಗಿಯೂ ಬೆಚ್ಚಗಿತ್ತು.

ಮುಗಿದ ಮೇಲೆ ಇಪ್ಪತ್ತು ನಿಮಿಷ ಮಲಗಿದ್ದೆ. ಮಾವಿನ ಜ್ಯೂಸ್, ಬಿಸ್ಕೆಟ್ ಕೊಟ್ಟರು. ಅಕ್ಕನ ಮಗಳು ಆ ಬಿಸ್ಕೆಟ್ ಪೊಟ್ಟಣ ಕಿತ್ತುಕೊಂಡು ಪೂರ್ತಿ ತಿಂದಳು. ಅಕ್ಕ ನನ್ನ ಕೈ ಮೇಲಿನ ಹತ್ತಿಯನ್ನು ಒತ್ತಿ ಹಿಡಿದು ಕೂತಿದ್ದಳು. ಸಿಸ್ಟರ್ ಸಾಕು ಅಂದ ಮೇಲೂ ಬಿಡಲಿಲ್ಲ.

ತಿಪಟೂರು ತೋಟದವ:
ತುಂಬಾ ಸಂತೋಷ ತಂಗಿ. ಇವತ್ತು ಭಾರ ಎತ್ತಬೇಡ, ನೀರು ಜಾಸ್ತಿ ಕುಡಿ.

ಮಧುಗಿರಿ ತಾಯಿ:
ನನ್ನ ಮಗಂದೂ ಓ ಪಾಸಿಟಿವ್. ಬರುವ ವಾರ ನಮ್ಮ ಸರದಿ. ಯಾರದು ಅಂತ ಕೇಳಿದರೆ ಈ ಸಲ ಹೇಳಲು ಒಂದು ಹೆಸರಿದೆ. ಗುಬ್ಬಿ ಅಕ್ಕಂದಿರಬಹುದು ಅಂತೀನಿ.

ಹಾಸ್ಟೆಲ್ ರೂಮ್ 12:
ಅಕ್ಕ, ನನಗೆ ಇನ್ನೆರಡು ತಿಂಗಳಿಗೆ 12 ತಿಂಗಳು ತುಂಬುತ್ತದೆ. ರೂಮಿನ ಇನ್ನಿಬ್ಬರೂ ಬರುತ್ತಾರೆ. ಬೆಳಿಗ್ಗೆ ಹೋಗೋದಾ, ಮಧ್ಯಾಹ್ನನಾ?

ಗುಬ್ಬಿ ಹುಡುಗಿ:
ಯಾವಾಗ ಬೇಕಾದರೂ ಹೋಗು. ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಪ್ಪ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡು.